ಸೂಪರ್ ಮಾರ್ಕೆಟ್‌ನಲ್ಲಿ ಬಸ್ಸಿಗೆ ಕಾಯುವವರಿಗೆ ಒಂದಿಷ್ಟು ಹಳೇ ಲೆಕ್ಕ

ಕಲಬುರಗಿಯ ಸೂಪರ್ ಮಾರ್ಕೆಟ್ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಐದೂವರೆಗೆ ನಿಂತರೆ ಎರಡು ಮಾತು ಕಿವಿಗೆ ಬೀಳುತ್ತವೆ. "ಯಪ್ಪಾ, ಎಷ್ಟೊತ್ತಾತು, ಒಂದೂ ಬರವಲ್ದು" ಅನ್ನುವುದು ಒಂದು. "ಗಂಜ್, ಗಂಜ್, ಇನ್ನೊಂದೇ ಸವಾರಿ ಬರ್ರಿ" ಅನ್ನುವ ಆಟೊದವರ ಕೂಗು ಇನ್ನೊಂದು. ಬಸ್ಸು ಯಾಕೆ ಬರಲಿಲ್ಲ ಅಂತ ಕೇಳಿದರೆ ಡ್ರೈವರ್ ಮೈಗಳ್ಳರು, ಸಾಹೇಬರಿಗೆ ಕಾಳಜಿ ಇಲ್ಲ ಅನ್ನುವ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ ಇರುತ್ತದೆ. ಆ ಉತ್ತರ ನನಗೆ ಸಾಕಾಗುವುದಿಲ್ಲ. ನಮ್ಮ ಸರ್ಕಾರಿ ಬಸ್ಸು ಹುಟ್ಟಿದ್ದು ಊರೊಳಗೆ ಓಡಾಡುವವರಿಗೆಂದು ಅಲ್ಲವೇ ಅಲ್ಲ. ತೊಂಬತ್ತು ವರ್ಷದಲ್ಲಿ ಸರ್ಕಾರ ಬದಲಾಯಿತು, ಬಸ್ಸಿನ ಮೈಮೇಲಿನ ಹೆಸರು ಬದಲಾಯಿತು, ಊರಿನ ಹೆಸರೂ ಬದಲಾಯಿತು. ಬಸ್ಸಿನ ಲೆಕ್ಕ ಬರೆಯುವ ರೀತಿ ಮಾತ್ರ ತಾಲೂಕಿನ ರೂಟಿಗೆ ಹೊಲಿದ ಅಂಗಿಯಂತೆ ಹಾಗೇ ಉಳಿದಿದೆ.

ಬುಡದಿಂದ ಹೇಳುತ್ತೇನೆ. ಹೈದರಾಬಾದ್ ಸಂಸ್ಥಾನದ ಸರ್ಕಾರ 1930ರಲ್ಲಿ ತನ್ನ ಸೀಮೆಯ ರೈಲ್ವೆಯನ್ನು ಕಂಪನಿಯಿಂದ ಕೊಂಡುಕೊಂಡಿತು. ಎರಡೇ ವರ್ಷಕ್ಕೆ, 1932ರ ಜೂನ್‌ನಲ್ಲಿ, ಅದೇ ರೈಲ್ವೆಯ ಕೈಕೆಳಗೆ ರಸ್ತೆ ಸಾರಿಗೆ ಇಲಾಖೆ ತೆರೆಯಿತು. 27 ಬಸ್ಸು, 166 ನೌಕರರು. ಗಾಡಿಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಹೈದರಾಬಾದಿನ ಸರ್ಕಾರಿ ಬಸ್ ನಂಬರಿನಲ್ಲಿ ಬರುವ ‘ಝಡ್’ ಅಕ್ಷರ ನಿಜಾಮರ ತಾಯಿ ಜಹ್ರಾ ಬೇಗಂ ಅವರ ಹೆಸರಿನ ಮೊದಲಕ್ಷರ ಅಂತ ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ. ನಮ್ಮ ಬಸ್ಸುಗಳ ನಂಬರಿನಲ್ಲಿ ಆ ಝಡ್ ಇಲ್ಲ. ಕೆಎ-32ರ ಮುಂದೆ ‘ಎಫ್’ ಕಂಡರೆ ಅದು ಕಲಬುರಗಿಯ ಸರ್ಕಾರಿ ಬಸ್ಸು, ಕೆಎ-38 ಆದರೆ ಬೀದರ್, ಕೆಎ-33 ಆದರೆ ಯಾದಗಿರಿ.

ರೈಲ್ವೆಯವರಿಗೆ ಬಸ್ಸಿನ ಉಸಾಬರಿ ಯಾಕೆ ಬೇಕಿತ್ತು ಅನ್ನುವುದರಲ್ಲೇ ನಮ್ಮ ಕತೆ ಅಡಗಿದೆ. ಆ ಕಾಲಕ್ಕೆ ಖಾಸಗಿ ಮೋಟಾರುಗಳು ಹಳಿಯ ಪಕ್ಕದ ರಸ್ತೆಯಲ್ಲೇ ಓಡಿ ಹತ್ತಿರದೂರಿನ ಪ್ಯಾಸೆಂಜರನ್ನು ಎತ್ತಿಕೊಂಡು ಹೋಗುತ್ತಿದ್ದವು. ಅದನ್ನು ತಡೆಯಬೇಕು, ಹಳಿ ಮುಟ್ಟದ ಊರಿನವರನ್ನು ಸ್ಟೇಷನ್ನಿಗೆ ತಂದು ಬಿಡಬೇಕು: ಇವೆರಡೇ ಆ ಬಸ್ಸಿನ ಕೆಲಸ. ಮುಂಬೈ ಕಡೆಯಿಂದ ಬಂದ ಹಳಿ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ಹಿಡಿದು 1871ಕ್ಕೇ ರಾಯಚೂರು ಮುಟ್ಟಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ರೈಲು ಓಡಿತು. ಈ ಗೆರೆಯ ಆಚೆ ಆಳಂದ, ಅಫಜಲಪುರ, ಜೇವರ್ಗಿ, ಸುರಪುರ, ಶಹಾಪುರ, ಹುಮನಾಬಾದ್, ಬಸವಕಲ್ಯಾಣ ಎಲ್ಲಕ್ಕೂ ರಸ್ತೆಯೇ ಗತಿ. ಬಸ್ಸಿನ ಮುಖ ಸ್ಟೇಷನ್ನಿನ ಕಡೆ, ಸ್ಟೇಷನ್ನಿನ ಮುಖ ಹೈದರಾಬಾದಿನ ಕಡೆ. ಸಿಟಿ ಸರ್ವಿಸ್ ಅಂದರೆ ಆಗ ರಾಜಧಾನಿಯ ಮಾತು.

ಹೈದರಾಬಾದ್ 1948ರ ಸೆಪ್ಟೆಂಬರ್ 17ಕ್ಕೆ ಭಾರತದ ಕೈಗೆ ಬಂತು. 1951ರಲ್ಲಿ ರೈಲು ಕೇಂದ್ರಕ್ಕೆ ಹೋಯಿತು, ಬಸ್ಸು ರಾಜ್ಯದ ಕೈಯಲ್ಲಿ ಉಳಿಯಿತು. ಅಲ್ಲಿಗೆ ರೈಲಿನ ಮಗುವಾಗಿದ್ದ ಬಸ್ಸು ಸ್ವತಂತ್ರ ಆಯಿತು ಅನ್ನುವಷ್ಟರಲ್ಲಿ 1956ರ ನವೆಂಬರ್ 1 ಬಂದೇ ಬಿಟ್ಟಿತು. ಭಾಷಾವಾರು ವಿಂಗಡಣೆಯಲ್ಲಿ ನಮಗೆ ಸಿಕ್ಕಿದ್ದೆಷ್ಟು ಅನ್ನುವುದು ಎಲ್ಲರಿಗೂ ಗೊತ್ತು. ಬಸ್ಸಿಗೆ ಆದ ಪೆಟ್ಟಿನ ಮಾತನ್ನು ಯಾರೂ ಆಡುವುದಿಲ್ಲ. ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು. ಬೀದರಿನ ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ, ನಾರಾಯಣಖೇಡ, ಜಹೀರಾಬಾದ್ ಕಡೆಯ ಊರುಗಳು ಆಂಧ್ರಕ್ಕೆ. ಅಕ್ಟೋಬರ್ 31ರ ರಾತ್ರಿಯವರೆಗೆ ಮನೆಯ ಅಂಗಳದೊಳಗಿನ ರೂಟು ಆಗಿದ್ದದ್ದು ಬೆಳಗಾಗುವುದರೊಳಗೆ ಅಂತಾರಾಜ್ಯ ರೂಟು.

ಅಂತಾರಾಜ್ಯ ರೂಟು ಅಂದರೆ ಬರೀ ಗಡಿ ದಾಟುವ ಮಾತಲ್ಲ. ಎರಡು ರಾಜ್ಯಗಳು ಕುಳಿತು ಪರಸ್ಪರ ಒಪ್ಪಂದ ಮಾಡಿಕೊಳ್ಳಬೇಕು. ನಿಮ್ಮ ಬಸ್ಸು ನಮ್ಮ ನೆಲದಲ್ಲಿ ದಿನಕ್ಕೆ ಇಷ್ಟು ಕಿಲೋಮೀಟರ್ ಓಡಿದರೆ ನಮ್ಮದೂ ನಿಮ್ಮ ನೆಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಓಡಬೇಕು ಅನ್ನುವ ಸಮಸಮದ ಲೆಕ್ಕ ಅದು. ಒಂದು ಟ್ರಿಪ್ ಹೆಚ್ಚು ಮಾಡಬೇಕೆಂದರೂ ಕಾಗದ ಎರಡು ರಾಜಧಾನಿ ಸುತ್ತಬೇಕು. ಬೀದರಿನಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನ ಜಹೀರಾಬಾದಿಗೆ ಹೋಗುವುದು ಕಾನೂನಿನ ಕಣ್ಣಿಗೆ ಬೇರೆ ರಾಜ್ಯದ ಯಾತ್ರೆ, ಅದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು ದೂರದ ಬೆಂಗಳೂರಿಗೆ ಹೋಗುವುದು ಮನೆಯೊಳಗಿನ ಓಡಾಟ. ಈ ವಿಚಿತ್ರ 2023ರಲ್ಲಿ ಮತ್ತೆ ಮುಖ ತೋರಿಸಿತು, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಮೈಸೂರಿನ ಕಡೆಯ ಕತೆ. ಅಲ್ಲಿ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸಿನಿಂದ ಸರ್ಕಾರಿ ಸಾರಿಗೆ ಇಲಾಖೆ ಶುರುವಾಗಿತ್ತು. ಏಕೀಕರಣವಾದ ಮೇಲೆ ಎಲ್ಲ ಕಡೆಯ ಬಸ್ಸು ಒಂದಾಗಿ 1961ರ ಆಗಸ್ಟ್ 1ಕ್ಕೆ ರಾಜ್ಯ ರಸ್ತೆ ಸಾರಿಗೆ ನಿಗಮ ಆಯಿತು. 1973ರಲ್ಲಿ ರಾಜ್ಯದ ಹೆಸರಿನ ಜೊತೆ ನಿಗಮದ ಹೆಸರಿಗೂ ಕರ್ನಾಟಕ ಬಂತು. ನಮ್ಮ ಬಸ್ಸಿನ ಮುಖ ಹೈದರಾಬಾದ್ ಬಿಟ್ಟು ಬೆಂಗಳೂರಿಗೆ ತಿರುಗಿತು, ಅಷ್ಟೇ. ಟೈರಿಗೂ ಮಂಜೂರಾತಿಗೂ ಆರುನೂರು ಕಿಲೋಮೀಟರ್ ಆಚೆಗೆ ಕಾಗದ ಬರೆಯುವ ಕಾಲ ಅದು.

1997ರಲ್ಲಿ ನಡೆದದ್ದನ್ನು ತುಸು ಗಮನವಿಟ್ಟು ನೋಡಬೇಕು, ನನ್ನ ತಕರಾರಿನ ಬೇರು ಇರುವುದೇ ಅಲ್ಲಿ. ಆ ವರ್ಷ ಆಗಸ್ಟ್ 15ಕ್ಕೆ ಬೆಂಗಳೂರಿನ ಸಿಟಿ ಬಸ್ಸನ್ನು ಕತ್ತರಿಸಿ ಬಿಎಂಟಿಸಿ ಮಾಡಿದರು. ಒಂದು ನಗರಕ್ಕೆ ಒಂದು ನಿಗಮ. ನವೆಂಬರ್ 1ಕ್ಕೆ ಹುಬ್ಬಳ್ಳಿಯಲ್ಲಿ ವಾಯವ್ಯ ನಿಗಮ, 2000ದ ಆಗಸ್ಟ್ 15ಕ್ಕೆ ಕಲಬುರಗಿಯಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಇವೆರಡು ನಗರದ ನಿಗಮಗಳಲ್ಲ, ಸೀಮೆಯ ನಿಗಮಗಳು. ನಮಗೆ ಕೇಂದ್ರ ಕಚೇರಿ ಸಿಕ್ಕಿತು, ಯಾದಗಿರಿಗೆ ಪ್ರಾದೇಶಿಕ ಕಾರ್ಯಾಗಾರ ಸಿಕ್ಕಿತು. ಅದು ಸಣ್ಣ ಮಾತಲ್ಲ, ಇಂಜಿನ್ ಬಿಚ್ಚಿ ಕೂಡಿಸುವ ಕೆಲಸ ನಮ್ಮ ಸೀಮೆಯಲ್ಲೇ ಆಗುತ್ತದೆ. ಆದರೆ ಕಲಬುರಗಿ ನಗರ ಆ ದೊಡ್ಡ ನಿಗಮದೊಳಗೆ ಒಂದು ವಿಭಾಗದ ಒಂದು ಮೂಲೆಯಾಗಿ ಉಳಿಯಿತು.

ನಡುವೆ ಒಂದು ಮಾತು. ಈ ನಿಗಮವನ್ನು ಜನ ‘ನಿಜಾಮರ ಸೀಮೆಯ ನಿಗಮ’ ಅಂದುಕೊಳ್ಳುತ್ತಾರೆ, ಅದು ಪೂರ್ತಿ ಖರೇ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ ನಿಜಾಮರ ಕಡೆಯವು. ಬಳ್ಳಾರಿ, ಹೊಸಪೇಟೆ 1953ರವರೆಗೆ ಮದ್ರಾಸಿನವು. ವಿಜಯಪುರ ಮುಂಬೈ ಪ್ರಾಂತ್ಯದ್ದು. ನಮ್ಮ ಸೀಮೆಗೆ ಸಂವಿಧಾನ ಕೊಟ್ಟ 371ಜೆ ವಿಶೇಷ ಸೌಲಭ್ಯದಲ್ಲಿ ವಿಜಯಪುರ ಇಲ್ಲದಿದ್ದರೂ ಬಸ್ಸಿನ ಮಟ್ಟಿಗೆ ನಮ್ಮ ಜೊತೆಗೇ ಇದೆ. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿ ಆಯಿತು, ಬೋರ್ಡು ಬರೆಯುವವರಿಗೆ ಕೆಲಸ ಬಂತು. 2019ರಲ್ಲಿ ಸೀಮೆಗೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು, 2021ರಲ್ಲಿ ಬಸ್ಸಿನ ಮೈಮೇಲೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಬಂತು. ಬಣ್ಣದ ಖರ್ಚು ಬಿಟ್ಟರೆ ಇದರಿಂದ ಟೈಮ್ ಟೇಬಲ್ಲಿಗೆ ಏನೂ ಆಗಲಿಲ್ಲ.

ಈ ನಿಗಮಕ್ಕೆ ಬರೋಬ್ಬರಿ ಬರುವ ಕೆಲಸ ಯಾವುದು ಅಂತ ನೋಡಬೇಕೆಂದರೆ ವಸ್ತಿ ಬಸ್ಸು ನೋಡಿ. ಸಂಜೆ ಕಲಬುರಗಿ ಬಿಟ್ಟು ರಾತ್ರಿ ಹಳ್ಳಿ ಮುಟ್ಟುತ್ತದೆ, ಡ್ರೈವರ್ ಕಂಡಕ್ಟರ್ ಇಬ್ಬರೂ ಅಲ್ಲೇ ಮಲಗುತ್ತಾರೆ, ಬೆಳಿಗ್ಗೆ ಆರಕ್ಕೋ ಆರೂವರೆಗೋ ಹಾಲು, ಕಾಲೇಜು ಹುಡುಗರು, ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಎಲ್ಲರನ್ನೂ ಹೊತ್ತು ತರುತ್ತದೆ. ಹಳ್ಳಿ 40 ಕಿಲೋಮೀಟರ್ ದೂರ ಇದ್ದು ವಸ್ತಿ ಇಲ್ಲದಿದ್ದರೆ ಬೆಳಗಿನ ಟ್ರಿಪ್ಪಿಗೆ ಡಿಪೋದಿಂದ ಖಾಲಿ ಗಾಡಿ ಓಡಿಸಬೇಕು. ಲೀಟರಿಗೆ 5 ಕಿಲೋಮೀಟರ್ ಹಿಡಿದರೂ 8 ಲೀಟರ್ ಡೀಸೆಲ್ ಒಬ್ಬ ಪ್ಯಾಸೆಂಜರೂ ಇಲ್ಲದೆ ಉರಿಯಿತು. ವಸ್ತಿ ಹಾಕಿದರೆ ಆ ಎಂಟು ಲೀಟರ್ ಉಳಿಯುತ್ತದೆ, ಹಳ್ಳಿಗೆ ಬೆಳಗಿನ ಬಸ್ಸೂ ಸಿಗುತ್ತದೆ. ಇದನ್ನು ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಜಾಣರು. ಬೀದರ್–ಕಲಬುರಗಿ ನಡುವೆ 2017ರ ಅಕ್ಟೋಬರ್ 29ರವರೆಗೆ ನೇರ ರೈಲೇ ಇರಲಿಲ್ಲ. ಅಷ್ಟು ವರ್ಷ ಆ ಎರಡು ಊರನ್ನು ಹುಮನಾಬಾದ್ ಮೇಲೆ ಹೊಲಿದು ಹಿಡಿದದ್ದು ಇದೇ ಕೆಂಪು ಬಸ್ಸು. ಘಾಣಗಾಪುರದ ಹುಣ್ಣಿಮೆಗೆ, ಶರಣಬಸವೇಶ್ವರ ಜಾತ್ರೆಗೆ, ಬಂದೇ ನವಾಜರ ಉರುಸಿಗೆ ಹೆಚ್ಚುವರಿ ಬಸ್ಸು ಬಿಡುವುದರಲ್ಲಿ ಇವರ ಕೈ ಪಳಗಿದೆ.

ಅದೇ ಕೈ ಸಿಟಿಯಲ್ಲಿ ಯಾಕೆ ಎಡವುತ್ತದೆ?

ಒಂದು ರೂಟು ತೆಗೆದುಕೊಳ್ಳಿ. ಉದ್ದ 10 ಕಿಲೋಮೀಟರ್. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್ ಗದ್ದಲದಲ್ಲಿ ನಿಲ್ಲುತ್ತ ಏಳುತ್ತ ಗಂಟೆಗೆ 15 ಕಿಲೋಮೀಟರ್ ವೇಗ ಸಿಕ್ಕರೆ ಪುಣ್ಯ. ಹೋಗಲು 40 ನಿಮಿಷ, ಬರಲು 40, ಎರಡೂ ತುದಿಯಲ್ಲಿ ಹತ್ತತ್ತು ನಿಮಿಷ ನಿಲುಗಡೆ. ಒಂದು ಸುತ್ತಿಗೆ 100 ನಿಮಿಷ. 10 ನಿಮಿಷಕ್ಕೊಂದು ಬಸ್ಸು ಬೇಕಾದರೆ 10 ಬಸ್ಸು, 20 ನಿಮಿಷಕ್ಕೊಂದು ಬೇಕಾದರೆ 5. ಇದರಲ್ಲಿ ಮಂತ್ರವಿಲ್ಲ, ಸುತ್ತಿನ ಸಮಯವನ್ನು ಅಂತರದಿಂದ ಭಾಗಿಸಿದರೆ ಆಯಿತು. ಈಗ ಐದರಲ್ಲಿ ಒಂದು ಗಾಡಿ ಕೆಟ್ಟು ಡಿಪೋದಲ್ಲಿ ನಿಂತಿತು ಅನ್ನಿ. ಉಳಿದ ನಾಲ್ಕನ್ನು ಕೂಡಲೇ 25 ನಿಮಿಷದ ಅಂತರಕ್ಕೆ ಹೊಂದಿಸಬೇಕು. ಸಂಚಾರ ನಿಯಂತ್ರಕರು ಹಾಗೆ ಹೊಂದಿಸದಿದ್ದರೆ ಆ ಖಾಲಿ ಜಾಗದಲ್ಲಿ 40 ನಿಮಿಷದ ತೂತು ಬೀಳುತ್ತದೆ.

ತೂತು ಬಿದ್ದ ಮೇಲೆ ಅದು ತಾನೇ ತುಂಬಿಕೊಳ್ಳುವುದಿಲ್ಲ, ಅಗಲ ಆಗುತ್ತದೆ. ತಡವಾಗಿ ಬಂದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಎರಡು ಪಟ್ಟು ಜನ ಕಾದಿರುತ್ತಾರೆ, ಹತ್ತಿಸಿಕೊಳ್ಳುವುದು ತಡ, ಟಿಕೆಟ್ ಕೊಡುವುದು ತಡ. ಅದರ ಹಿಂದಿನ ಬಸ್ಸಿಗೆ ಸ್ಟಾಪಿನಲ್ಲಿ ಜನವೇ ಇಲ್ಲ, ಓಡೋಡಿ ಬಂದು ಮುಂದಿನದರ ಬೆನ್ನಿಗೆ ಅಂಟುತ್ತದೆ. "ಬರೋದಾದ್ರ ಎರಡೂ ಕೂಡೇ ಬರ್ತಾವ ನೋಡ್ರಿ" ಅಂತ ಜನ ನಗುತ್ತಾರಲ್ಲ, ಅದರ ಕಾರಣ ಇದು. ಡ್ರೈವರ್‌ಗಳು ಮಾತಾಡಿಕೊಂಡು ಬರುವುದಲ್ಲ. ಇದಕ್ಕೆ ಮದ್ದು ಒಂದೇ: ಸೂಪರ್ ಮಾರ್ಕೆಟ್‌ನಂಥ ಜಾಗದಲ್ಲಿ ಒಬ್ಬರು ಗಡಿಯಾರ ಹಿಡಿದು ಹಿಂದಿನ ಬಸ್ಸನ್ನು ಆರೇಳು ನಿಮಿಷ ತಡೆದು ಬಿಡಬೇಕು. ಒಳಗೆ ಕುಳಿತವರು ಬೈಯುತ್ತಾರೆ, ಬೈಯಲಿ.

ಬಾಗಿಲಿನದು ಇನ್ನೊಂದು ಗೋಳು. ತಾಲೂಕಿಗೆ ಹೋಗುವ ಗಾಡಿಗೆ ಒಂದೇ ಬಾಗಿಲು, ಲಾರಿ ಚಾಸಿಯ ಮೇಲೆ ಕಟ್ಟಿದ ಮೈ, ಒಳಗಿನ ನೆಲ ರಸ್ತೆಯಿಂದ ಸುಮಾರು 1100 ಮಿಲಿಮೀಟರ್ ಎತ್ತರ. ಮೂರು ಮೆಟ್ಟಿಲು, ಮೊದಲ ಮೆಟ್ಟಿಲೇ ಮೊಳಕಾಲಿನ ಮೇಲೆ. ಆಳಂದಕ್ಕೆ ಒಂದು ಸಲ ಹತ್ತಿ ಒಂದು ಸಲ ಇಳಿಯುವುದಕ್ಕೆ ಇದು ನಡೆಯುತ್ತದೆ. ಇಂಥದೇ ಗಾಡಿಯನ್ನು ಸಿಟಿ ರೂಟಿಗೆ ಹಾಕಿದರೆ ಏನಾಗುತ್ತದೆ ನೋಡಿ. ಒಂದು ಸ್ಟಾಪಿನಲ್ಲಿ 40 ಜನ ಇಳಿಯಬೇಕು, 30 ಜನ ಹತ್ತಬೇಕು. ಇಳಿಯಲು ತಲಾ 2 ಸೆಕೆಂಡ್, ಹತ್ತಲು 3 ಸೆಕೆಂಡ್ ಹಿಡಿಯೋಣ. ಒಂದೇ ಬಾಗಿಲಾದರೆ 80 ಕೂಡಿಸು 90, ಒಟ್ಟು 170 ಸೆಕೆಂಡ್. ಎರಡು ಬಾಗಿಲಿದ್ದು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿದರೆ 90 ಸೆಕೆಂಡಿಗೆ ಮುಗಿಯಿತು. ದೊಡ್ಡ ಸ್ಟಾಪ್ ನಾಲ್ಕಿದ್ದರೆ ಒಂದು ದಿಕ್ಕಿಗೆ ಐದು ನಿಮಿಷದ ಮೇಲೆ ಉಳಿತಾಯ. ನೆಲದ ಎತ್ತರ 650 ಮಿಲಿಮೀಟರ್ ಇರುವ ಗಾಡಿಯಾದರೆ ಮುದುಕರು ಕಂಬಿ ಹಿಡಿದು ಜಗ್ಗಿಕೊಳ್ಳುವ ಹೊತ್ತೂ ಉಳಿಯುತ್ತದೆ.

ಇನ್ನು ರೊಕ್ಕದ ಲೆಕ್ಕ. ಡಿಪೋದಲ್ಲಿ ಒಂದು ರೂಟಿನ ಹಣೆಬರಹ ಬರೆಯುವುದು ಪ್ರತಿ ಕಿಲೋಮೀಟರಿಗೆ ಬಂದ ಆದಾಯ. ಖರ್ಚನ್ನೂ ಕಿಲೋಮೀಟರಿನ ಮೇಲೇ ಅಳೆಯುತ್ತಾರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ, ಸತತ 5 ಗಂಟೆಯಾದ ಮೇಲೆ ಅರ್ಧ ಗಂಟೆಯಾದರೂ ಬಿಡುವು. ಆ 8 ಗಂಟೆಯಲ್ಲಿ ಮೇಲೆ ಹೇಳಿದ ಸಿಟಿ ಬಸ್ಸು ಐದು ಸುತ್ತು ಮುಟ್ಟಿದರೆ ಹೆಚ್ಚು, ಅಂದರೆ 100 ಕಿಲೋಮೀಟರ್. ತಾಲೂಕು ರೂಟಿನ ಗಾಡಿ 300 ಓಡುತ್ತದೆ. ಇಬ್ಬರು ಸಿಬ್ಬಂದಿಯ ಒಂದು ದಿನದ ಖರ್ಚು 4,000 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಸಿಟಿಯಲ್ಲಿ ಕಿಲೋಮೀಟರಿಗೆ 40 ರೂಪಾಯಿ ಬಿತ್ತು, ತಾಲೂಕಿನಲ್ಲಿ 13ರ ಮೇಲೆ ತುಸು. ಡೀಸೆಲ್ಲೂ ಹಾಗೇ, ಹೊರಗೆ ಲೀಟರಿಗೆ 5 ಕಿಲೋಮೀಟರ್ ಕೊಡುವ ಗಾಡಿ ಊರೊಳಗೆ 4ಕ್ಕೆ ಇಳಿಯುತ್ತದೆ. ಜನ ಎಷ್ಟೇ ತುಂಬಿದರೂ ಈ ತಕ್ಕಡಿಯಲ್ಲಿ ಸಿಟಿ ಬಸ್ಸು ಮೇಲೇಳುವುದಿಲ್ಲ. ಬೆಳಿಗ್ಗೆ ಗಾಡಿ ಕಡಿಮೆ ಬಿದ್ದರೆ, ಡ್ರೈವರ್ ರಜೆ ಹಾಕಿದರೆ, ಎಲ್ಲಿಯಾದರೂ ಸಮಾವೇಶಕ್ಕೆ ಬಾಡಿಗೆ ಬಸ್ಸು ಬೇಕಾದರೆ, ಯಾವ ರೂಟಿನ ಟ್ರಿಪ್ ಮೊದಲು ರದ್ದಾಗುವುದು ಸಹಜ? ಹಳ್ಳಿಯ ಟ್ರಿಪ್ ತಪ್ಪಿದರೆ ಊರೇ ರಸ್ತೆಗಿಳಿಯುತ್ತದೆ. ಸಿಟಿಯ ಟ್ರಿಪ್ ತಪ್ಪಿದರೆ ಜನ ಟಂಟಂ ಆಟೊ ಹತ್ತಿ ಹೋಗುತ್ತಾರೆ, ದೂರು ಕೊಡುವವರೂ ಇಲ್ಲ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಕಲಮು ನಿಗಮ ವ್ಯವಹಾರ ತತ್ವದ ಮೇಲೆ ನಡೆಯಬೇಕು ಅನ್ನುತ್ತದೆ. ಆ ಕಲಮಿನ ಮುಂದೆ ಡಿಪೋ ಮ್ಯಾನೇಜರ್ ಮಾಡಿದ್ದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ತಪ್ಪಿರುವುದು ಅಳತೆಗೋಲಿನಲ್ಲಿ.

ಗಾಡಿಯ ಹೊಟ್ಟೆಯೊಳಗಿನ ಕಾರಣವೂ ಇದೆ. ಊರೊಳಗೆ ಅರ್ಧ ಕಿಲೋಮೀಟರಿಗೊಮ್ಮೆ ಬ್ರೇಕು, ಒಂದನೇ ಗೇರು, ಅರ್ಧ ಕ್ಲಚ್. ಕ್ಲಚ್ ಪ್ಲೇಟೂ ಬ್ರೇಕ್ ಲೈನರೂ ಹೊರಗಿನ ರೂಟಿಗಿಂತ ಎಷ್ಟೋ ಬೇಗ ಸವೆಯುತ್ತವೆ. ಪದೇ ಪದೇ ಬ್ರೇಕ್ ತುಳಿದರೆ ಟ್ಯಾಂಕಿನ ಗಾಳಿ ಇಳಿಯುತ್ತದೆ. 8 ಬಾರ್ ಆಸುಪಾಸು ಇರಬೇಕಾದದ್ದು 5ರ ಹತ್ತಿರ ಬಂದರೆ ಬಜರ್ ಕೂಗುತ್ತದೆ, ಗಾಳಿ ತುಂಬುವವರೆಗೆ ಗಾಡಿ ಎತ್ತುವಂತಿಲ್ಲ. ಎಲ್ಲೋ ಪೈಪು ಸೋರುತ್ತಿದ್ದರೆ ಇದು ದಿನಕ್ಕೆ ಹತ್ತು ಸಲ. 2020ರ ಏಪ್ರಿಲ್ ನಂತರದ, ಹೊಗೆ ಕಡಿಮೆ ಉಗುಳಬೇಕೆಂಬ ಬಿಎಸ್-6 ನಿಯಮದ ಗಾಡಿಗಳಿಗೆ ಹೊಸ ರೋಗ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಚೊಕ್ಕ ಮಾಡಿಕೊಳ್ಳಬೇಕಾದರೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು, ಅದಕ್ಕೆ ಒಂದಷ್ಟು ಹೊತ್ತು ಎಡೆಬಿಡದೆ ಓಡಬೇಕು. ಸಿಟಿಯಲ್ಲಿ ಆ ಓಟವೇ ಸಿಗುವುದಿಲ್ಲ. ಮಸಿ ಕಟ್ಟಿ ದೀಪ ಹತ್ತುತ್ತದೆ, ಅಲಕ್ಷ್ಯ ಮಾಡಿದರೆ ಇಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಸಿಟಿಯ ಬಿಎಸ್-6 ಗಾಡಿಯನ್ನು ಆಗಾಗ ರಿಂಗ್ ರಸ್ತೆಯ ಮೇಲೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ತಂದರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ.

ಟೈರಿನ ಮಾತು ಬಿಟ್ಟರೆ ನಮ್ಮ ಬಿಸಿಲಿಗೆ ಅವಮಾನ. ಮುಂದಿನ ಎರಡಕ್ಕೆ ಹೊಸ ಟೈರು, ಹಿಂದಿನ ನಾಲ್ಕಕ್ಕೆ ರಿಟ್ರೆಡ್ ಮಾಡಿದ್ದು, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು, ಅನ್ನುವುದು ಬಸ್ಸಿನವರ ಹಳೆಯ ಪದ್ಧತಿ, ಸರಿಯಾದದ್ದೇ. ಮುಂದಿನದು ಸಿಡಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಹಿಂದಿನ ಜೋಡಿಯಲ್ಲಿ ಒಂದರ ಗಾಳಿ ಇಳಿದರೆ ಪಕ್ಕದ್ದು ಇಬ್ಬರ ಭಾರ ಹೊರುತ್ತದೆ, ಮೇ ತಿಂಗಳ 42–43 ಡಿಗ್ರಿಯಲ್ಲಿ ಕಾದು ಅಂಟಿಸಿದ ರಬ್ಬರ್ ಹಾಸು ಹಾಸಾಗಿ ಎದ್ದು ಹೋಗುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗ ಗೇಜ್ ಹಚ್ಚಿ ನೋಡಿದರೆ ಮುಗಿಯುವ ಕೆಲಸ. ಸುತ್ತಿಗೆಯಿಂದ ಬಡಿದು ಸದ್ದು ಕೇಳುವುದು ಗಾಳಿ ಪೂರ್ತಿ ಹೋಗಿದ್ದರೆ ಮಾತ್ರ ತಿಳಿಸುತ್ತದೆ, ಅರ್ಧ ಇಳಿದದ್ದು ಅದಕ್ಕೆ ಸಿಗುವುದಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅನ್ನುವುದಕ್ಕಿಂತ ಶೂನ್ಯ ಟಿಕೆಟ್ ಇದೆ ಅನ್ನಬೇಕು. ಆ ಚೀಟಿ ಹರಿದು ಕೊಟ್ಟರೇನೇ ಸರ್ಕಾರದಿಂದ ನಿಗಮಕ್ಕೆ ದುಡ್ಡು, ಅದಕ್ಕೇ "ಅಕ್ಕಾರ, ಟಿಕೆಟ್ ತಗೊಳ್ರಿ" ಅಂತ ಕಂಡಕ್ಟರ್ ಬೆನ್ನು ಬೀಳುವುದು. ಬೇಡ ಅನ್ನಬೇಡಿ, ನಿಮ್ಮ ರೂಟಿಗೆ ಜನ ಇದ್ದಾರೆ ಅನ್ನುವುದಕ್ಕೆ ಉಳಿಯುವ ಸಾಕ್ಷಿ ಅದೊಂದೇ. ಮೇಲೆ ಬಿಟ್ಟ ಮಾತು ಇಲ್ಲಿಗೆ ಬರುತ್ತದೆ: ಅಂತಾರಾಜ್ಯ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ. ಬೀದರಿನ ಹೆಣ್ಣುಮಗಳು ಬೆಂಗಳೂರಿನವರೆಗೆ ಬಿಟ್ಟಿ ಹೋಗಬಹುದು, ಜಹೀರಾಬಾದಿನ ಸಂತೆಗೆ ಹೋಗಲು ದುಡ್ಡು ಕೊಡಬೇಕು. 1956ರಲ್ಲಿ ಎಳೆದ ಗೆರೆ ಇನ್ನೂ ಟಿಕೆಟ್ ಮಷಿನ್ನಿನಲ್ಲಿದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. 2011ರ ಜನಗಣತಿಗೇ 5.3 ಲಕ್ಷ ದಾಟಿದ ಊರು ಇದು. ಇದಕ್ಕೆ ಬೇರೆ ನಿಗಮ ಬೇಡ, ಬೇರೆ ನಗರ ವಿಭಾಗ ಸಾಕು. ಅದರ ಗಾಡಿ, ಅದರ ಸಿಬ್ಬಂದಿ, ಅದರ ಲೆಕ್ಕ ಬೇರೆ. ಅಲ್ಲಿ ಕಿಲೋಮೀಟರಿನ ಆದಾಯದ ಬದಲು ಒಂದು ಸುತ್ತಿಗೆ ಎಷ್ಟು ಜನ ಹತ್ತಿದರು, ಎಷ್ಟು ಸುತ್ತು ತಪ್ಪಿತು ಅನ್ನುವುದನ್ನು ಅಳೆಯಲಿ. ಎಂಟು ಬಡಾವಣೆಗೆ ಎಂಟು ಬಸ್ಸು ಹಂಚಿ ಎಲ್ಲ ಕಾರ್ಪೊರೇಟರ್‌ಗಳನ್ನೂ ಸಮಾಧಾನ ಮಾಡುವ ಚಾಳಿ ಬಿಡಲಿ. 100 ನಿಮಿಷದ ಸುತ್ತಿಗೆ ಒಂದೇ ಬಸ್ಸಿದ್ದರೆ ಅದನ್ನು ನಂಬಿ ಯಾರೂ ಮನೆ ಬಿಡುವುದಿಲ್ಲ. ಅದೇ ಎಂಟನ್ನು ರೈಲ್ವೆ ಸ್ಟೇಷನ್–ಸೂಪರ್ ಮಾರ್ಕೆಟ್–ಗಂಜ್ ಹಾದಿಗೆ ಹಾಕಿದರೆ ಹನ್ನೆರಡೂವರೆ ನಿಮಿಷಕ್ಕೊಂದು ಬಸ್ಸು ಬರುತ್ತದೆ, ಜನ ಗಡಿಯಾರ ನೋಡದೆ ಬಂದು ನಿಲ್ಲುತ್ತಾರೆ. ಅದು ಗಟ್ಟಿಯಾದ ಮೇಲೆ ಸೇಡಂ ರಸ್ತೆಯ ಯೂನಿವರ್ಸಿಟಿ ಕಡೆಗೆ, ಆಮೇಲೆ ದರ್ಗಾ, ಆಳಂದ ರಸ್ತೆ. ಬಡಾವಣೆಯವರು ನಾಲ್ಕು ನೂರು ಮೀಟರ್ ನಡೆದು ಬರಬೇಕಾಗುತ್ತದೆ, ನಿಜ. ಆಗ ಫುಟ್‌ಪಾತ್ ಎಲ್ಲಿದೆ ಅಂತ ಕೇಳುವ ಹಕ್ಕೂ ಅವರಿಗೆ ಬರುತ್ತದೆ, ಅದು ಪಾಲಿಕೆಯ ಜೊತೆ ಆಡಬೇಕಾದ ಬೇರೆ ಜಗಳ.

ಇಷ್ಟೂ ಆಗಲು ಹೊತ್ತು ಹಿಡಿಯುತ್ತದೆ ಅಂದರೆ ಒಪ್ಪುತ್ತೇನೆ. ಅಲ್ಲಿಯವರೆಗೆ ಸೂಪರ್ ಮಾರ್ಕೆಟ್ ಸ್ಟ್ಯಾಂಡಿನ ಕಂಬಕ್ಕೆ ಒಂದು ತಗಡಿನ ಬೋರ್ಡು ಹೊಡೆಯಿರಿ. ಪ್ರತಿ ರೂಟಿಗೆ ಮೂರೇ ಅಂಕಿ: ಮೊದಲ ಬಸ್ಸು ಎಷ್ಟಕ್ಕೆ, ಕೊನೇ ಬಸ್ಸು ಎಷ್ಟಕ್ಕೆ, ನಡುವೆ ಎಷ್ಟು ನಿಮಿಷಕ್ಕೊಂದು. ಕೆಳಗೆ ಸಂಚಾರ ನಿಯಂತ್ರಕರ ಕೊಠಡಿಯ ಫೋನ್ ನಂಬರು, ಸಂಜೆ ಏಳರ ಮೇಲೂ ಎತ್ತುವಂಥದ್ದು.